ಬನ್ನಿ ಎಲೆಗೊಂದು ಪುಟ್ಟ ಕಾರ್ಡು

ದಸರಾ ಬಂತೆಂದರೆ ಸಾಕು, ಮೊಬೈಲು ಒಂದೇ ಸಮನೆ ಟಿಣ್ ಟಿಣ್ ಅನ್ನತೊಡಗುತ್ತದೆ. ಅದೇ ದೀಪ, ಅದೇ ದುರ್ಗೆ, ಅದೇ ಬಂಗಾರದ ಬಣ್ಣದ ಅಕ್ಷರ. ಬೆಳಿಗ್ಗೆ ಬಂದ ಸಂದೇಶವನ್ನೇ ನಾವೂ ಹತ್ತು ಜನರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತೇವೆ. ಸಂಜೆ ಹೊತ್ತಿಗೆ ಯಾರು ಏನು ಕಳಿಸಿದ್ದರು ಅನ್ನೋದೇ ನೆನಪಿರುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಆದರೆ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನ ಕಡೆಯವರಿಗೆ ಹಬ್ಬದ ಶುಭಾಶಯ ಹೇಳಲು ಕಾರ್ಡು ಬರುವ ಮುಂಚಿನಿಂದಲೂ ಒಂದು ದಾರಿ ಇದೆ. ವಿಜಯದಶಮಿಯ ಸಂಜೆ ಬನ್ನಿ ಮರಕ್ಕೆ ಪೂಜೆ ಮಾಡಿ, ಎಲೆ ತಂದು, ಹಿರಿಯರ ಕೈಗೆ ಕೊಟ್ಟು ಕಾಲಿಗೆರಗುವುದು. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುವುದು. ಸಾವಿರದ ಐನೂರ ಇಪ್ಪತ್ತರ (1520) ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಒಂಬತ್ತು ದಿನಗಳ ಉತ್ಸವವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆ ವೈಭವಕ್ಕೆ ಸಾಕ್ಷಿಯಾಗಿ ಹಂಪಿಯಲ್ಲಿ ಮಹಾನವಮಿ ದಿಬ್ಬ ನಿಂತಿದೆ. ಅರಸರು ಹೋದರು, ಆನೆ ಕುದುರೆ ಹೋದವು. ಬನ್ನಿ ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿತು.

ಬನ್ನಿಗೆ ಒಂದೇ ತೊಡಕು. ಅದನ್ನು ಕೈಯಿಂದ ಕೈಗೇ ಕೊಡಬೇಕು! ಮಗಳು ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ, ಅತ್ತಿಗೆ ಒಂದೇ ಊರಲ್ಲಿದ್ದರೂ ಮಾತು ಬಿಟ್ಟು ಎರಡು ವರ್ಷ. ಇವರಿಗೆಲ್ಲ ಬನ್ನಿ ಮುಟ್ಟಿಸುವುದು ಹೇಗೆ? ಅದಕ್ಕೇ ಈ ಸಲ ಒಂದು ಕಾರ್ಡು ಮಾಡೋಣ ಬನ್ನಿ. ದೊಡ್ಡ ಖರ್ಚಿಲ್ಲ, ಚಿತ್ರ ಬರೆಯಲು ಬರಬೇಕೆಂದೂ ಇಲ್ಲ.

ಕಪಾಟಿನಲ್ಲೇ ಇದೆ ಕಾಗದ

ಮೊದಲು ಹಳೆಯ ಲಗ್ನಪತ್ರಿಕೆಗಳ ಕಟ್ಟು ಹೊರಗೆ ತೆಗೆಯಿರಿ. ಗಣಪತಿ ಚಿತ್ರ ಇದೆ ಎಂದು ಕಸಕ್ಕೆ ಹಾಕಲು ಮನಸ್ಸಾಗದೆ ಎಷ್ಟೋ ಮನೆಗಳಲ್ಲಿ ಇವು ವರ್ಷಗಟ್ಟಲೆ ಕೂತಿರುತ್ತವೆ. ದೇವರ ಚಿತ್ರವನ್ನು ಜೋಪಾನವಾಗಿ ಕತ್ತರಿಸಿ ಬೇರೆ ಇಡಿ. ಅದನ್ನು ಕಾರ್ಡಿನ ನೆತ್ತಿಗೆ ಅಂಟಿಸಬಹುದು, ಕೆಳಗಂಚಿಗೆ ಬೇಡ. ಉಳಿದ ಬಣ್ಣದ ಅಂಚು, ಹೂಬಳ್ಳಿ, ಬಂಗಾರದ ಪಟ್ಟಿ ಎಲ್ಲವೂ ಅಲಂಕಾರಕ್ಕೆ ಬರುತ್ತವೆ.

ಕಾರ್ಡಿನ ಮೈಗೆ ಸ್ಟೇಷನರಿ ಅಂಗಡಿಯಲ್ಲಿ 250 ಜಿಎಸ್ಎಂ ಡ್ರಾಯಿಂಗ್ ಹಾಳೆ ಕೇಳಿ. ಎ4 ಅಳತೆಯ ಒಂದು ಹಾಳೆಯಲ್ಲಿ ಎರಡು ಕಾರ್ಡು ಆಗುತ್ತವೆ. ದಪ್ಪ ಹಾಳೆ ಮಡಚುವಾಗ ಸೀಳುತ್ತದೆ ಎಂದು ಹಲವರು ದೂರುತ್ತಾರೆ. ಅದಕ್ಕೊಂದು ಉಪಾಯವಿದೆ. ಮಡಿಕೆ ಬರಬೇಕಾದಲ್ಲಿ ಸ್ಕೇಲು ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಆಮೇಲೆ ಮಡಚಿ, ಚಮಚದ ಹಿಂಬದಿಯಿಂದ ತೀಡಿ. ಅಂಗಡಿಯ ಕಾರ್ಡಿನಷ್ಟೇ ನೀಟಾಗಿ ಕೂರುತ್ತದೆ.

ಬನ್ನಿ ಕಾರ್ಡು ಮಾಡುವ ವಿಧಾನ

ಬೇಕಾಗುವ ಸಾಮಗ್ರಿ: ಎ4 ಡ್ರಾಯಿಂಗ್ ಹಾಳೆ 1, ಬಟರ್ ಪೇಪರ್ ಒಂದು ತುಂಡು, ಹಳೆಯ ಲಗ್ನಪತ್ರಿಕೆ, ಒಣಗಿದ ಬಾಳೆನಾರು, ಕತ್ತರಿ, ಸ್ಕೇಲು, ಅಂಟು, ಒಂದು ಸಣ್ಣ ಬನ್ನಿ ಟೊಂಗೆ.

ಎಲೆಯನ್ನು ನೇರವಾಗಿ ಕಾರ್ಡಿಗೆ ಅಂಟಿಸಬೇಡಿ. ಬನ್ನಿಯ ಎಲೆ ಬಲು ಸಣ್ಣದು, ಒಣಗಿದಂತೆಲ್ಲ ಒಂದೊಂದೇ ಉದುರುತ್ತದೆ. ತಲುಪುವ ಹೊತ್ತಿಗೆ ಕಾರ್ಡಿನ ಮೇಲೆ ಬರೀ ಕಡ್ಡಿ ಉಳಿದೀತು! ಅಲ್ಲದೆ ಅಂಟಿಸಿದ ಎಲೆಯನ್ನು ಕೈಗೆ ತೆಗೆದುಕೊಳ್ಳಲು ಆಗುವುದಿಲ್ಲ. ಬನ್ನಿ ಕೈಗೆ ಬರಬೇಕು. ಹಾಗಾಗಿ ಕಾರ್ಡಿನೊಳಗೆ ಒಂದು ಜೇಬು ಮಾಡೋಣ.

* ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಸಮಭಾಗ ಮಾಡಿ. ಒಂದೊಂದು ಭಾಗ 21 ಸೆಂ.ಮೀ. ಉದ್ದ, 14.8 ಸೆಂ.ಮೀ. ಅಗಲ ಬರುತ್ತದೆ. ಉದ್ದದ ನಡುವೆ ಮಡಚಿ. ಈಗ 10.5 x 14.8 ಸೆಂ.ಮೀ. ಕಾರ್ಡು ಸಿದ್ಧ.

* ಬಟರ್ ಪೇಪರನ್ನು 8 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಎಡ, ಬಲ ಮತ್ತು ಕೆಳಗೆ ಒಂದೊಂದು ಸೆಂ.ಮೀ. ಹಿಂದಕ್ಕೆ ಮಡಚಿ. ಆ ಮಡಿಕೆಗಳಿಗೆ ಮಾತ್ರ ಅಂಟು ಸವರಿ ಕಾರ್ಡಿನ ಒಳಬದಿಗೆ, ಎಡಗಡೆ ಅಂಟಿಸಿ. ಮೇಲ್ಭಾಗ ತೆರೆದಿರಲಿ. ಬಲಗಡೆ ನಿಮ್ಮ ಮಾತು ಬರೆಯಲು ಜಾಗ.

* ಮುಂಭಾಗಕ್ಕೆ ಲಗ್ನಪತ್ರಿಕೆಯ ಬಂಗಾರದ ಪಟ್ಟಿಯಿಂದ ಒಂದು ಮರ ಮಾಡಿ. ಕಂದು ಕಾಗದದ ಕಾಂಡ, ಅದರ ಮೇಲೆ ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿದ ಹಸಿರು, ಬಂಗಾರದ ಚೂರುಗಳು. ಚೂರು ಅಂಕುಡೊಂಕಾದಷ್ಟೂ ಮರ ಚೆನ್ನ.

* ಹಬ್ಬದ ದಿನ ತಂದ ಬನ್ನಿಯ ಮುಳ್ಳು ತೆಗೆದು, ಬೆರಳುದ್ದದ ಎಸಳನ್ನು ಹಳೆಯ ಪೇಪರಿನ ನಡುವೆ ಒಂದು ರಾತ್ರಿ ಇಡಿ. ಮೇಲೊಂದು ದಪ್ಪ ಪುಸ್ತಕ ಹೇರಿ. ಹಸಿ ಎಲೆಯನ್ನು ಹಾಗೇ ಹಾಕಿದರೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಕಾಗದಕ್ಕೂ ಕಲೆ. ಪ್ಲಾಸ್ಟಿಕ್ ಕವರಿನಲ್ಲಂತೂ ಇಡಲೇಬೇಡಿ. ಮರುದಿನ ಜೇಬಿನೊಳಗೆ ಇಳಿಸಿ.

ಕಾರ್ಡನ್ನು ಹಬ್ಬಕ್ಕೆ ವಾರದ ಮುಂಚೆಯೇ ಮಾಡಿಟ್ಟುಕೊಳ್ಳಿ, ಎಲೆ ಮಾತ್ರ ಪೂಜೆ ಆದ ಮೇಲೆ ಸೇರಲಿ. ನಾಲ್ಕು ದಿನ ತಡವಾಗಿ ತಲುಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಂ, ಒಂದು ಎಸಳು ಸಾಕು. ಕಾರ್ಡಿಗೆಂದು ಮರದ ಟೊಂಗೆಗಳನ್ನೇ ಮುರಿಯುವುದು ಬೇಡ.

ಹೂವಿನ ಜೊತೆ ನಾರು

ಅಂಗಡಿಯ ರಿಬ್ಬನ್ ಬದಲಿಗೆ ನಮ್ಮಲ್ಲಿ ಬೇಕಾದಷ್ಟು ಸಿಗುವ ಬಾಳೆನಾರು ಬಳಸಿ. ಹೂ ಕಟ್ಟುವವರ ಬಳಿ ಒಣಗಿದ ಪಟ್ಟೆ ಸಿಗುತ್ತದೆ. ಅದನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಉಗುರಿನಿಂದ ಎಳೆ ಎಳೆಯಾಗಿ ಸೀಳಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಮೂರು ಎಳೆ ಸೇರಿಸಿ ಜಡೆ ಹೆಣೆದು ಕಾರ್ಡಿನ ಮಡಿಕೆಗೆ ಕಟ್ಟಿದರೆ ಅದರ ಚೆಂದವೇ ಬೇರೆ. ಅಗಲವಾದ ಪಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಸಣ್ಣ ಬಿಸಿಯಲ್ಲಿ, ಮೇಲೊಂದು ಬಟ್ಟೆ ಹಾಕಿ ಒತ್ತಿದರೆ ಬೆಟ್ಟ, ಬಂಡೆ, ಗೋಪುರ ಯಾವ ಆಕಾರಕ್ಕಾದರೂ ಕತ್ತರಿಸಬಹುದು. ಹಂಪಿಯ ಬಂಡೆಯ ಬಣ್ಣ ಅದರಲ್ಲೇ ಇದೆ.

ಬಿಸಾಡುವ ವಸ್ತು ಎಂದು ಮೂಗು ಮುರಿಯಬೇಡಿ. ಹಂಪಿಯಿಂದ ಹೊಳೆ ದಾಟಿದರೆ ಸಿಗುವ ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಇದೇ ಬಾಳೆನಾರಿನಿಂದ ಚೀಲ, ಬುಟ್ಟಿ, ಚಾಪೆ ಮಾಡುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿತು. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ದಿಂಡು ಅವರ ಕೈಗೆ ಕಾಸು ತಂದಿತು.

ಸೂಜಿ ದಾರ ಬಲ್ಲವರಿಗೆ

ಹೊಲಿಗೆ ಬಲ್ಲಿರಾ? ಹಾಗಿದ್ದರೆ ಕಾರ್ಡಿನ ಅಂಚಿಗೆ ಬಣ್ಣದ ದಾರದ ಹೊಲಿಗೆ ಹಾಕಿ. ಕಾಗದವೇನು ಬಟ್ಟೆಯಲ್ಲ, ಸೂಜಿ ಎಳೆದ ಕಡೆ ಹರಿದುಬಿಡುತ್ತದೆ. ಆದ್ದರಿಂದ ಮೊದಲೇ ತೂತು ಮಾಡಿಕೊಳ್ಳಬೇಕು. ನಾಲ್ಕು ಮಡಿಕೆ ಮಾಡಿದ ಟವೆಲ್ ಮೇಲೆ ಕಾರ್ಡು ಇಟ್ಟು, ಅರ್ಧ ಸೆಂ.ಮೀ.ಗೊಂದರಂತೆ ಗುಂಡುಪಿನ್ನಿನಿಂದ ಚುಚ್ಚಿ. ಆಮೇಲೆ ಕೆಂಪು, ಹಳದಿ, ನೀಲಿ ದಾರದಲ್ಲಿ ಓಟದ ಹೊಲಿಗೆ. ದಾರದ ಗಂಟು ಒಳಬದಿಗೆ ಬರಲಿ, ಅದರ ಮೇಲೊಂದು ಕಾಗದದ ಪಟ್ಟಿ ಅಂಟಿಸಿ ಮುಚ್ಚಿ.

ಬಣ್ಣ ಯಾವುದರ ಪಕ್ಕ ಯಾವುದು ಎಂಬ ಗೊಂದಲವಿದ್ದರೆ ಲಂಬಾಣಿ ಹೆಣ್ಣುಮಕ್ಕಳ ಉಡುಗೆಯನ್ನೊಮ್ಮೆ ಕಣ್ಣಿಟ್ಟು ನೋಡಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ ಕೈಯ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಅವರ ಬಣ್ಣದ ಧೈರ್ಯ ನಮಗೂ ಪಾಠ.

ಮಕ್ಕಳಿಗೆ ಐವತ್ತು ರೂಪಾಯಿಯ ತೇರು

ದಸರಾ ರಜೆಯಲ್ಲಿ ಮಕ್ಕಳು ಸುಮ್ಮನೆ ಕೂರುತ್ತಾರಾ? ಅವರಿಗೊಂದು ಕೆಲಸ ಕೊಡಿ. ನಿಮ್ಮ ಪರ್ಸಿನಲ್ಲಿರುವ, 2017ರಲ್ಲಿ ಬಂದ ನೀಲಿ ಬಣ್ಣದ 50 ರೂಪಾಯಿ ನೋಟನ್ನು ತಿರುಗಿಸಿದರೆ ಹಂಪಿಯ ಕಲ್ಲಿನ ರಥ ಕಾಣುತ್ತದೆ. ಅದನ್ನು ನೋಡಿಕೊಂಡು ದಪ್ಪ ಹಾಳೆಯಲ್ಲಿ ಒಂದು ತೇರು ಬರೆಯಲಿ. ಎತ್ತರ 6 ಸೆಂ.ಮೀ. ದಾಟದಿರಲಿ.

ಇನ್ನೊಂದು ಕಾರ್ಡನ್ನು ಮಡಚಿ, ಮಡಿಕೆಯ ಬದಿಯಿಂದ ಒಳಕ್ಕೆ 3 ಸೆಂ.ಮೀ. ಉದ್ದದ ಎರಡು ಸೀಳು ಕತ್ತರಿಸಿ. ಎರಡರ ನಡುವೆ 3 ಸೆಂ.ಮೀ. ಅಂತರವಿರಲಿ. ಆ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಮಡಚಿ, ಕಾರ್ಡು ಬಿಡಿಸಿ ಒಳಕ್ಕೆ ತಳ್ಳಿದರೆ ಒಂದು ಪುಟ್ಟ ಮೆಟ್ಟಿಲು ಎದ್ದು ನಿಲ್ಲುತ್ತದೆ. ಮೆಟ್ಟಿಲಿನ ಮುಂಬದಿಗೆ ತೇರು ಅಂಟಿಸಿ. ಹೊರಗಿನಿಂದ ತೂತು ಕಾಣದಂತೆ ಇನ್ನೊಂದು ಹಾಳೆ ಹೊದಿಸಿ. ಕಾರ್ಡು ತೆರೆದ ಕೂಡಲೇ ತೇರು ಎದ್ದು ನಿಂತಾಗ ಅಜ್ಜಿಯ ಮುಖ ನೋಡಬೇಕು!

ಅಂಟಿಗೂ ಮಕ್ಕಳೇ ಸಹಾಯ ಮಾಡಲಿ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನೀವು ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿ. ಹುಳ ಬರದಿರಲೆಂದು ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮಕ್ಕಳ ಕೈಗೆ ಸಿಗುವ ಅಂಟಿಗೆ ಖಂಡಿತ ಬೇಡ. ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಅಂಟು ತೆಳ್ಳಗೆ ಸವರಿ, ಹೆಚ್ಚಾದರೆ ಕಾಗದ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಕವರು, ಅಂಚೆ

ಕವರಿಗೆ ಒಂದು ಎ4 ಬಿಳಿ ಹಾಳೆ ಸಾಕು. ಹಾಳೆಯನ್ನು ಉದ್ದುದ್ದ ಇಟ್ಟುಕೊಂಡು ಎರಡೂ ಪಕ್ಕ 2.8 ಸೆಂ.ಮೀ. ಒಳಕ್ಕೆ ಮಡಚಿ. ಕೆಳಗಿನಿಂದ 11 ಸೆಂ.ಮೀ. ಮೇಲಕ್ಕೆ ಮಡಚಿ, ಅದರ ಅಂಚನ್ನು ಪಕ್ಕದ ಮಡಿಕೆಗಳಿಗೆ ಅಂಟಿಸಿ. ಮತ್ತೆ 11 ಸೆಂ.ಮೀ. ಬಿಟ್ಟು ಉಳಿದದ್ದು ಮುಚ್ಚಳ.

ಬನ್ನಿ ಕಾರ್ಡು, ಕವರು ಸೇರಿ ಸುಮಾರು 14 ಗ್ರಾಂ ತೂಗುತ್ತದೆ. 20 ಗ್ರಾಂ ಒಳಗಿದ್ದರೆ ಸಾಮಾನ್ಯ ಪತ್ರದ ಮೊದಲ ದರದಲ್ಲೇ ಹೋಗುತ್ತದೆ. ಕನ್ನಡಿ, ಕವಡೆ ಅಂಟಿಸಿದರೆ ತೂಕವೂ ಹೆಚ್ಚು, ಮುದ್ರೆ ಒತ್ತುವಾಗ ಒಡೆಯುವ ಭಯವೂ ಇದೆ. ಅಂಥವನ್ನು ಕೈಯಾರೆ ಕೊಡುವ ಕಾರ್ಡಿಗೆ ಇಟ್ಟುಕೊಳ್ಳಿ. ರಿಜಿಸ್ಟರ್ ಮಾಡಿಸುತ್ತೇನೆ ಎನ್ನುವವರು ಗಮನಿಸಿ: 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಲಾಗಿದೆ.

ಮಗ, ಸೊಸೆ ಪರದೇಶದಲ್ಲಿದ್ದರೆ? ನಿಜವಾದ ಎಲೆ ಹಾಕಬೇಡಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಗಿಡ, ಎಲೆ, ಬೀಜಗಳ ತಪಾಸಣೆ ಬಲು ಬಿಗಿ, ನಿಮ್ಮ ಕಾರ್ಡು ಅಲ್ಲೇ ಉಳಿದುಬಿಡಬಹುದು. ಬಂಗಾರದ ಕಾಗದದಲ್ಲಿ ಬನ್ನಿ ಎಸಳು ಕತ್ತರಿಸಿ ಜೇಬಿನಲ್ಲಿಡಿ.

ಮಾರುವ ಆಸೆ ಇದ್ದರೆ

ನಾಲ್ಕು ಜನ ಮೆಚ್ಚಿದರೆ ಮಾರಬಾರದೇಕೆ ಅನ್ನಿಸುವುದು ಸಹಜ. ಹಂಪಿ ಉತ್ಸವದಂಥ ಕಡೆ ಸ್ವಸಹಾಯ ಸಂಘಗಳ ಮಳಿಗೆಗಳಿರುತ್ತವೆ, ಅಲ್ಲಿ ವಿಚಾರಿಸಿ. ಸ್ಮಾರಕಗಳ ಆವರಣದೊಳಗೆ ಅನುಮತಿ ಇಲ್ಲದೆ ಮಾರುವಂತಿಲ್ಲ. ಬೆಲೆ ಇಡುವಾಗ ಕಾಗದ, ದಾರದ ಖರ್ಚು ಮಾತ್ರ ಲೆಕ್ಕ ಹಾಕಿ ನಿಮ್ಮ ಹೊತ್ತನ್ನು ಬಿಟ್ಟುಬಿಡಬೇಡಿ. ನಿಮ್ಮ ಒಂದು ಗಂಟೆಗೆ 60 ರೂಪಾಯಿ ಎಂದುಕೊಂಡರೂ 40 ನಿಮಿಷದ ಕಾರ್ಡಿಗೆ ಕೂಲಿಯೇ 40 ರೂಪಾಯಿ. ಸಾಮಾನಿನ ಖರ್ಚು ಅದರ ಮೇಲೆ. 'ಮನೆಯಲ್ಲಿ ಕೂತು ಮಾಡಿದ್ದು ತಾನೇ' ಎಂದು ಚೌಕಾಸಿ ಮಾಡುವವರಿಗೆ ನಗುತ್ತಲೇ ಈ ಲೆಕ್ಕ ಹೇಳಿ. ಹಾಗೆಯೇ ನೀವು ಹಾಕಿದ ಓಟದ ಹೊಲಿಗೆಯನ್ನು 'ಸಂಡೂರು ಲಂಬಾಣಿ ಕಸೂತಿ' ಎಂದು ಕರೆದು ಮಾರಬೇಡಿ. ಆ ಹೆಸರು ಆ ಹೆಣ್ಣುಮಕ್ಕಳ ಗಳಿಕೆ.

ಒಳಗೆ ಏನು ಬರೆಯೋದು?

ಕಾರ್ಡು ಮಾಡುವುದು ಸುಲಭ, ಬರೆಯುವಾಗಲೇ ಕೈ ನಿಲ್ಲುತ್ತದೆ. 'ಹಬ್ಬದ ಹಾರ್ದಿಕ ಶುಭಾಶಯಗಳು' ಎಂದು ಬರೆದರೆ ಅದೂ ಮೊಬೈಲಿನ ಮಾತೇ ಆಯಿತು. ಆ ಒಬ್ಬರಿಗೆ ಮಾತ್ರ ಹೇಳಬಹುದಾದ ಒಂದು ಸಂಗತಿ ಬರೆಯಿರಿ. ಮನೆಯಲ್ಲಿ ಮಾತಾಡುವ ಹಾಗೇ ಬರೆಯಿರಿ.

'ಅಕ್ಕಾ, ಈ ಸಲನೂ ನೀ ಬರಲಿಲ್ಲ. ಹೋಳಿಗಿ ಬೇಯಿಸೋವಾಗ ಅವ್ವ ಎರಡು ಸಲ ನಿನ್ನ ಹೆಸರು ತಗೊಂಡ್ಲು.' ಇಷ್ಟು ಓದಿದ ಅಕ್ಕ ಆ ಕಾರ್ಡನ್ನು ಎಲ್ಲಿ ಎತ್ತಿಡುತ್ತಾಳೆ ಎಂದು ನಿಮಗೇ ಗೊತ್ತು.

ಇನ್ನು ಮಾತು ಬಿಟ್ಟವರು. ಜಗಳ ಆಸ್ತಿಯದೋ, ಮದುವೆ ಮನೆಯ ಒಂದು ಮಾತಿನದೋ, ಈಗ ಯಾರದು ತಪ್ಪು ಎಂಬುದೇ ಮಸುಕಾಗಿರುತ್ತದೆ. ಆದರೂ ಮೊದಲು ಬಾಗಿಲು ತಟ್ಟುವವರು ಯಾರು ಎಂಬಲ್ಲೇ ಎರಡೂ ಮನೆ ನಿಂತಿರುತ್ತವೆ. ಬನ್ನಿ ಕೊಡುವಾಗ ಹಳೆಯ ಸಿಟ್ಟು ಬಿಡಬೇಕೆನ್ನುವುದು ನಮ್ಮ ಹಿರಿಯರ ಮಾತು. ಎದುರಿಗೆ ನಿಂತು ಹೇಳಲು ಆಗದಿದ್ದರೆ ಕಾರ್ಡು ಹೇಳಲಿ. ಜಗಳದ ಸುದ್ದಿ ಎತ್ತಬೇಡಿ, ಕ್ಷಮೆಯ ಉದ್ದ ಭಾಷಣವೂ ಬೇಡ. 'ಅತ್ತಿಗೆ, ಬನ್ನಿ ಕಳಿಸೀನಿ, ತಗೊಳ್ರಿ. ಬಂಗಾರದಂಗ ಇರೋಣ.' ಇಷ್ಟೇ ಸಾಕು. ಉತ್ತರ ಬರಲೇಬೇಕೆಂದು ಅಂಚೆಯಣ್ಣನ ದಾರಿ ಕಾಯಬೇಡಿ. ಬಂದರೆ ಸಂತೋಷ. ಬರದಿದ್ದರೂ, ನಿಮ್ಮ ಕಡೆಯಿಂದ ಬಾಗಿಲು ತೆರೆದಿದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಈ ಸಲ ಎಷ್ಟು ಕಾರ್ಡು ಮಾಡಬೇಕು ಅಂತೀರಾ? ಐವತ್ತು ಬೇಡ, ಐದು ಸಾಕು. ಐದನೆಯದು ಯಾರಿಗೆ ಎಂದು ನಿಮಗೆ ಈಗಾಗಲೇ ಹೊಳೆದಿರಬೇಕು!