ಗೊರಸಿನ ಕೊಳೆತ

ನಾಲ್ಕು ನೂರು ಕಿಲೋಗ್ರಾಂ ತೂಕದ ಕುದುರೆಯೊಂದು ನಿಶ್ಚಲವಾಗಿ ನಿಂತಿದೆಯೆಂದು ಭಾವಿಸೋಣ. ಆ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುವುದು. ಅಂದರೆ ಒಂದೊಂದು ಮುಂಗಾಲಿನ ಗೊರಸೂ ಸುಮಾರು 120 ಕಿಲೋಗ್ರಾಂ ಭಾರವನ್ನು ಹೊರಬೇಕು. ಗೊರಸಿನ ಅಡ್ಡಳತೆ 12 ಸೆಂಟಿಮೀಟರ್ ಇದ್ದರೆ ಅದರ ತಳದ ವಿಸ್ತೀರ್ಣ ಸುಮಾರು 110 ಚದರ ಸೆಂಟಿಮೀಟರ್. ಹೀಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚಾದ ಭಾರ ಬೀಳುವುದು. ಇದು ನಮ್ಮನ್ನು ಸುತ್ತುವರಿದಿರುವ ವಾಯುಮಂಡಲದ ಒತ್ತಡಕ್ಕೆ ಹೆಚ್ಚುಕಡಿಮೆ ಸಮಾನ. ಕುದುರೆ ನಾಗಾಲೋಟದಲ್ಲಿ ಓಡುವಾಗಲಂತೂ ಇದು ಹಲವು ಪಾಲು ಹೆಚ್ಚುವುದು. ಇಂತಹ ಒತ್ತಡವನ್ನು ಜೀವಮಾನವಿಡೀ ತಾಳಬಲ್ಲ ಅಂಗವು, ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಹಿಡಿ ಒದ್ದೆ ಲದ್ದಿಯಿಂದ ಕೊಳೆತುಹೋಗಬಲ್ಲುದು. ಇದು ಹೇಗೆಂಬುದನ್ನು ವಿಚಾರಿಸೋಣ.

ಕುದುರೆಯ ಕಾಲನ್ನು ಎತ್ತಿ ಗೊರಸಿನ ತಳವನ್ನು ನೋಡಿದರೆ, ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಚೂಪಾಗುತ್ತ ಬಂದಿರುವ ತ್ರಿಕೋನಾಕಾರದ ಭಾಗವೊಂದು ಕಾಣುವುದು. ಇಂಗ್ಲಿಷಿನಲ್ಲಿ ಇದಕ್ಕೆ 'ಕಪ್ಪೆ' ಎಂಬ ಅರ್ಥದ ಹೆಸರಿದೆ. ನಾವು ಇದನ್ನು 'ಮೆತ್ತೆ' ಎಂದು ಕರೆಯೋಣ. ಗೊರಸಿನ ಗೋಡೆಯಂತೆಯೇ ಇದೂ ಕೆರಟಿನ್ ಎಂಬ ಪದಾರ್ಥದಿಂದಾದುದು. ಆದರೆ ಗೋಡೆಯಲ್ಲಿ ನೀರಿನ ಅಂಶ ಸುಮಾರು ಕಾಲು ಪಾಲಿದ್ದರೆ, ಮೆತ್ತೆಯಲ್ಲಿ ಸುಮಾರು ಅರ್ಧ ಪಾಲು ನೀರೇ. ಆದುದರಿಂದಲೇ ಅದು ರಬ್ಬರಿನಂತೆ ಬಾಗುವುದು, ಹೆಜ್ಜೆಯ ಆಘಾತವನ್ನು ತಗ್ಗಿಸುವುದು. ಮೆತ್ತೆಯ ಎರಡು ಪಕ್ಕಗಳಲ್ಲಿ ಒಂದೊಂದು ತೋಡೂ ಅದರ ನಡುವೆ ಆಳವಲ್ಲದ ಒಂದು ತಗ್ಗೂ ಇರುವುವು. ರೋಗದ ಮನೆ ಇವುಗಳಲ್ಲಿಯೇ.

ರೋಗದ ಮೊದಲ ಸುಳಿವು ಕಣ್ಣಿಗಿಂತ ಮೂಗಿಗೆ ತಿಳಿಯುವುದು. ತೋಡುಗಳಿಂದ ಸಹಿಸಲಾಗದ ದುರ್ಗಂಧವೂ ಕಪ್ಪಾದ ಲೋಳೆಯೂ ಹೊರಡುವುವು. ಮೆತ್ತೆಯ ಅಂಚು ಹರಿದು, ಹಿಂಜಿದಂತಾಗುವುದು. ನಡುವಣ ತಗ್ಗು ಬಿರುಕಾಗಿ ಆಳಕ್ಕಿಳಿಯುವುದು. ಕೊಳೆತವು ಸಜೀವ ಭಾಗವನ್ನು ಮುಟ್ಟಿದಾಗ ಕುದುರೆ ಕುಂಟತೊಡಗುವುದು.

ಮಲೆನಾಡಿನ ವಾಚಕರಿಗೆ ಅಡಕೆಯ ಕೊಳೆರೋಗದ ಪರಿಚಯವುಂಟಷ್ಟೆ. ಎರಡಕ್ಕೂ ತೇವವೇ ನೆರವು. ಆದರೆ ರೋಗಕಾರಕಗಳು ಬೇರೆ. ಗೊರಸಿನ ಕೊಳೆತದಲ್ಲಿ ಬಹುಮಟ್ಟಿಗೆ ಹೆಸರಿಸಲ್ಪಡುವುದು ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಮ್ ಎಂಬ ಬ್ಯಾಕ್ಟೀರಿಯ. ಆಮ್ಲಜನಕವಿರುವೆಡೆ ಇದು ಬೆಳೆಯಲಾರದು. ಹಾಗಾದರೆ ಗಾಳಿಯಲ್ಲಿಯೇ ಇರುವ ಗೊರಸಿನಲ್ಲಿ ಅದು ಬದುಕುವುದೆಂತು?

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟುವುದು ಇಲ್ಲಿಯೇ. ಅನಿಲದ ಅಣುಗಳು ದಟ್ಟಣೆ ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ತಾವಾಗಿಯೇ ಹರಡುವುವು, ಇದೇ ವಿಸರಣ. ನೀರಿನಲ್ಲಿ ಆಮ್ಲಜನಕದ ವಿಸರಣವು ಗಾಳಿಯಲ್ಲಿನದಕ್ಕಿಂತ ಸುಮಾರು 10,000 ಪಾಲು ನಿಧಾನ. ತೋಡಿನಲ್ಲಿ ಒಣಗಿದ ಹುಡಿಮಣ್ಣಿದ್ದರೆ ಅದರ ಸಂದುಗಳಲ್ಲಿ ಗಾಳಿಯಾಡುವುದು. ಅದೇ ಸ್ಥಳದಲ್ಲಿ ಒದ್ದೆಯಾದ ಕೆಸರೂ ಲದ್ದಿಯೂ ಒತ್ತಿ ಕುಳಿತರೆ ಸಂದುಗಳೆಲ್ಲ ನೀರಿನಿಂದ ತುಂಬುವುವು. ಒಳಗಿದ್ದ ಅಲ್ಪ ಆಮ್ಲಜನಕವನ್ನು ಇತರ ಸೂಕ್ಷ್ಮಜೀವಿಗಳು ಬೇಗನೆ ಮುಗಿಸಿಬಿಡುವುವು. ಹೊರಗಿನಿಂದ ಹೊಸದು ಬಾರದು. ಇತ್ತ ಮೂತ್ರದ ಯೂರಿಯದಿಂದ ಹುಟ್ಟಿದ ಅಮೋನಿಯವು ಮೆತ್ತೆಯನ್ನು ಮತ್ತಷ್ಟು ಮೃದುಗೊಳಿಸುವುದು.

ನಡಿಗೆಯಲ್ಲಿ ಇದಕ್ಕೆ ಸಹಜವಾದ ಪ್ರತೀಕಾರವಿದೆ. ಪ್ರತಿ ಹೆಜ್ಜೆಗೂ ಗೊರಸಿನ ಹಿಮ್ಮಡಿ ತುಸು ಅಗಲವಾಗಿ ಮತ್ತೆ ಕುಗ್ಗುವುದು. ಈ ಚಲನೆಯಿಂದ ಕೆಸರು ಸಡಿಲಗೊಂಡು ಉದುರುವುದು. ದಿನವಿಡೀ ಲಾಯದಲ್ಲಿ ಕಟ್ಟಿಹಾಕಿದ ಕುದುರೆಗೆ ಈ ಲಾಭವಿಲ್ಲ. ಒಮ್ಮೆ ನೋವು ಆರಂಭವಾದರೆ ಕುದುರೆ ಹಿಮ್ಮಡಿಯನ್ನು ಊರದೆ ಗೊರಸಿನ ಮುಂತುದಿಯನ್ನೇ ಊರಿ ನಡೆಯುವುದು, ಒತ್ತಡವಿಲ್ಲದ ಹಿಮ್ಮಡಿ ಕಿರಿದಾಗುವುದು, ಬಿರುಕು ಇನ್ನೂ ಆಳವಾಗುವುದು, ರೋಗ ಬಲಿಯುವುದು. ಈ ಚಕ್ರವನ್ನು ಮೊದಲಲ್ಲಿಯೇ ಮುರಿಯಬೇಕು.

ಮೇಲಿನ ವಿವರಣೆಯಿಂದ ಚಿಕಿತ್ಸೆಯ ತತ್ತ್ವವೂ ಸ್ಪಷ್ಟವಾಗುವುದು: ಮೊದಲು ಗಾಳಿ, ಅನಂತರ ಔಷಧ. ಕೊಳೆಯ ಮೇಲೆಯೇ ಸುರಿದ ಅಯೊಡಿನ್ ಆ ಕೊಳೆಯೊಡನೆಯೇ ವರ್ತಿಸಿ ವ್ಯರ್ಥವಾಗುವುದು. ಆದುದರಿಂದ ಮೊಂಡಾದ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ತೋಡುಗಳನ್ನು ಕೆದಕಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ಣವಾಗಿ ಒಣಗಿಸಬೇಕು. ಸಡಿಲವಾದ ಸತ್ತ ಭಾಗವನ್ನು ಲಾಳ ಕಟ್ಟುವ ಅನುಭವಸ್ಥನಿಂದಲೋ ಪಶುವೈದ್ಯರಿಂದಲೋ ಕತ್ತರಿಸಿ ತೆಗೆಸಬೇಕು. ಬಳಿಕ ಪೊವಿಡೋನ್ ಅಯೊಡಿನ್ನಿನ ತೆಳುದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಬಿರುಕಿನೊಳಗೆ ಇರಿಸಿ, ಪ್ರತಿದಿನವೂ ಬದಲಾಯಿಸಬೇಕು. ಅಡಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವನ್ನು ಇಲ್ಲಿಯೂ ಬಳಸುವುದುಂಟು. ಆದರೆ ಅದು ಸಜೀವ ಭಾಗವನ್ನು ಸುಡುವುದಾದುದರಿಂದ ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ಫಾರ್ಮಲಿನ್ನಿನಂತಹ ಉಗ್ರ ಪದಾರ್ಥಗಳು ರೋಗಾಣುವಿನೊಡನೆ ಹೊಸದಾಗಿ ಬೆಳೆಯುತ್ತಿರುವ ಮೆತ್ತೆಯನ್ನೂ ಕೊಲ್ಲುವುವು. ರಕ್ತ, ಬಾವು ಅಥವಾ ಕುಂಟುವಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕರೆಯಬೇಕು. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿಗಳು ವಿರಳ. ಗೊರಸಿನ ಗಾಯವೇ ಆ ರೋಗಕ್ಕೆ ಬಾಗಿಲಾಗಬಹುದು. ಲಸಿಕೆ ಹಾಕಿಸಿದೆಯೇ ಎಂಬುದನ್ನು ಮರೆಯದೆ ವಿಚಾರಿಸಬೇಕು.

ತಡೆಗಟ್ಟುವ ಉಪಾಯ ಹಳೆಯದೇ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನು ತನ್ನ ಅಶ್ವವಿದ್ಯೆಯ ಗ್ರಂಥದಲ್ಲಿ, ಒದ್ದೆಯಾದ ನುಣುಪು ನೆಲವು ಒಳ್ಳೆಯ ಗೊರಸನ್ನೂ ಕೆಡಿಸುವುದೆಂದು ಎಚ್ಚರಿಸಿ, ಲಾಯದ ನೆಲ ಇಳಿಜಾರಾಗಿರಬೇಕೆಂದೂ ಅದಕ್ಕೆ ಕಲ್ಲು ಹಾಸಬೇಕೆಂದೂ ಬರೆದಿದ್ದಾನೆ. ಬ್ಯಾಕ್ಟೀರಿಯವನ್ನು ಆತ ಅರಿಯನು. ಆದರೂ ಅವನ ಸಲಹೆ ಇಂದಿಗೂ ಸಲ್ಲುವುದು. ನಿತ್ಯವೂ ಗೊರಸನ್ನು ಕೆದಕುವುದು, ಒಣಹುಲ್ಲಿನ ಹಾಸು, ಸಾಕಷ್ಟು ನಡಿಗೆ, ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಿ ಸರಿಪಡಿಸುವುದು: ಇಷ್ಟೇ ಸಾಕು.

ಮೈಸೂರಿನ ಬೀದಿಗಳಲ್ಲಿ ಇಂದಿಗೂ ಟಾಂಗಾಗಳು ಓಡುತ್ತಿವೆ. ಮಳೆಗಾಲದಲ್ಲಿ ಕುದುರೆಯೊಂದು ಕುಂಟಿದರೆ ಟಾಂಗಾದೊಡನೆ ಒಂದು ಸಂಸಾರದ ದಿನಗೂಲಿಯೂ ನಿಲ್ಲುವುದು. ಇದನ್ನು ತಪ್ಪಿಸಲು ಬೇಕಾದ ಸಲಕರಣೆ ಒಂದು ಕೊಕ್ಕೆ, ಒಂದು ಬ್ರಷ್ಷು. ತಗಲುವ ಕಾಲ ದಿನಕ್ಕೆ ಹತ್ತು ನಿಮಿಷ. ಮಾತು ಬಾರದ ಪ್ರಾಣಿಯ ಕಾಲನ್ನು ದಿನಕ್ಕೊಮ್ಮೆ ಎತ್ತಿ ನೋಡುವ ಅಭ್ಯಾಸಕ್ಕಿಂತ ಅಗ್ಗವಾದ ಔಷಧವನ್ನು ವಿಜ್ಞಾನವು ಇನ್ನೂ ಒದಗಿಸಿಲ್ಲ.