ನಿದ್ರೆಯಲ್ಲಿ ಉಸಿರು ನಿಂತಾಗ: ಗೊರಕೆ, ಪರೀಕ್ಷೆ ಮತ್ತು ಚಿಕಿತ್ಸೆ

ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ಭಾವಿಸುವುದು ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬಂದಿರುವ ನಂಬಿಕೆ. ಕುಂಭಕರ್ಣನನ್ನು ನೆನೆಯದೆ ಗೊರಕೆಯ ಮಾತು ಮುಗಿಯುವುದಿಲ್ಲ. 'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ' ಎಂಬ ಗಾದೆಯನ್ನು ಹೇಳಿ, ಗೊರಕೆ ಹೊಡೆಯುವವರನ್ನು ಭಾಗ್ಯವಂತರೆಂದು ಹೊಗಳುವುದೂ ಉಂಟು. ಮದುವೆಯ ಮನೆಯಲ್ಲಾಗಲಿ, ಊರಿಗೆ ಹೋಗುವ ರಾತ್ರಿಯ ರೈಲಿನಲ್ಲಾಗಲಿ ಗೊರಕೆಯು ನಗೆಯ ವಸ್ತುವೇ ಹೊರತು ಚಿಂತೆಯ ವಸ್ತುವಲ್ಲ. ಆದರೆ ಕಳೆದ ಅರವತ್ತು ವರ್ಷಗಳ ವೈದ್ಯಕೀಯ ಸಂಶೋಧನೆಯು ಈ ನಂಬಿಕೆಯನ್ನು ತಲೆಕೆಳಗು ಮಾಡಿದೆ. ಜೋರಾದ ಗೊರಕೆ, ನಡುವೆ ಒಂದು ಮೌನ, ಅನಂತರ ಏದುಸಿರಿನೊಡನೆ ಮತ್ತೆ ಗೊರಕೆ. ಈ ಕ್ರಮವು ರಾತ್ರಿಯಿಡೀ ನಡೆಯುತ್ತಿದ್ದರೆ ಅದು ಸುಖನಿದ್ರೆಯಲ್ಲ, ಉಸಿರಿಗಾಗಿ ನಡೆಯುವ ಹೋರಾಟ.

ಮುಂಬಯಿಯ ಡೊಂಬಿವಲಿಯಂತಹ ಉಪನಗರದಲ್ಲಿ ವಾಸಿಸುವ, ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅವರು ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಐದೂವರೆಗೆ ಏಳುತ್ತಾರೆ. ಲೆಕ್ಕಕ್ಕೆ ಏಳೂವರೆ ಗಂಟೆಗಳ ನಿದ್ರೆ. ಆದರೂ ಏಳುವಾಗ ತಲೆ ಭಾರವಾಗಿರುತ್ತದೆ, ಬಾಯಿ ಒಣಗಿರುತ್ತದೆ. ಲೋಕಲ್ ರೈಲಿನಲ್ಲಿ ಕುಳಿತೊಡನೆ ಕಣ್ಣು ಮುಚ್ಚುತ್ತದೆ. ಇಳಿಯಬೇಕಾದ ದಾದರ್ ನಿಲ್ದಾಣವು ದಾಟಿಹೋದದ್ದೂ ಉಂಟು. ರಕ್ತದೊತ್ತಡಕ್ಕೆ ಎರಡು ಮೂರು ಬಗೆಯ ಮಾತ್ರೆಗಳನ್ನು ಸೇವಿಸಿದರೂ ಅದು ಹಿಡಿತಕ್ಕೆ ಬಂದಿಲ್ಲ. ರಾತ್ರಿ ನಡೆಯುವುದೇನೆಂಬುದು ಅವರಿಗೆ ತಿಳಿಯದು. ತಿಳಿದಿರುವುದು ಅವರ ಪತ್ನಿಗೆ. 'ಉಸಿರು ನಿಂತೇ ಹೋಯಿತೇನೋ' ಎಂದು ಹೆದರಿ, ನಡುರಾತ್ರಿಯಲ್ಲಿ ಅವರ ಭುಜವನ್ನು ಅಲುಗಿಸಿ ಎಬ್ಬಿಸಿದವರು ಆಕೆ. ಗಂಟೆಗಳು ಜಮೆಯಾಗಿವೆ, ವಿಶ್ರಾಂತಿ ಮಾತ್ರ ಜಮೆಯಾಗಿಲ್ಲ. ಇಂತಹ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣವಾಗುವ ರೋಗವೇ 'ಸ್ಲೀಪ್ ಆಪ್ನಿಯ', ಅಂದರೆ ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ರೋಗ.

ಉಸಿರು ನಿಲ್ಲುವುದು ಹೇಗೆ?

ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಬಂದೊಡನೆ ಅವು ಸಡಿಲಗೊಳ್ಳುತ್ತವೆ. ನಾಲಿಗೆಯ ಬುಡ ಮತ್ತು ಮೃದುವಾದ ಅಂಗುಳು ಹಿಂದಕ್ಕೆ ಜಾರಿ ದಾರಿಯು ಕಿರಿದಾದಾಗ, ಗಾಳಿಯು ಅಲ್ಲಿಯ ಅಂಗಾಂಶಗಳನ್ನು ನಡುಗಿಸುತ್ತ ಸಾಗುತ್ತದೆ. ಇದೇ ಗೊರಕೆ. ದಾರಿಯು ಪೂರ್ತಿ ಮುಚ್ಚಿದರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಎದೆ ಮತ್ತು ಹೊಟ್ಟೆ ಉಸಿರಿಗಾಗಿ ಏರಿಳಿಯುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ. ಆಗ ಮೆದುಳು ಕೆಲವು ಸೆಕೆಂಡುಗಳ ಕಾಲ ಎಚ್ಚೆತ್ತು ಗಂಟಲನ್ನು ಬಿಗಿಗೊಳಿಸುತ್ತದೆ. ಉಸಿರು ಸಶಬ್ದವಾಗಿ ಮರಳುತ್ತದೆ. ಈ ಕ್ಷಣಿಕ ಎಚ್ಚರವು ಬೆಳಿಗ್ಗೆ ನೆನಪಿನಲ್ಲಿರುವುದಿಲ್ಲ.

ಪ್ರತಿ ಸಲ ಹೀಗಾದಾಗಲೂ ಹೃದಯದ ಬಡಿತ ಮತ್ತು ರಕ್ತದೊತ್ತಡ ಥಟ್ಟನೆ ಏರುತ್ತವೆ. ರಾತ್ರಿಯಲ್ಲಿ ವಿಶ್ರಾಂತಿ ಪಡೆಯಬೇಕಾದ ಹೃದಯವು ದುಡಿಯುತ್ತಲೇ ಇರುತ್ತದೆ. ಆದುದರಿಂದಲೇ ಈ ರೋಗವಿರುವವರಲ್ಲಿ ರಕ್ತದ ಏರೊತ್ತಡ, ಹೃದಯದ ಲಯ ತಪ್ಪುವಿಕೆ ಹಾಗೂ ಪಾರ್ಶ್ವವಾಯು ಹೆಚ್ಚಾಗಿ ಕಂಡುಬರುತ್ತವೆ. ವಾಹನ ನಡೆಸುವಾಗ ತೂಕಡಿಸಿ ಅಪಘಾತವಾದರೆ, ಅದು ಒಬ್ಬರ ಪ್ರಾಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ರೋಗವು ಬೆಳಕಿಗೆ ಬಂದ ಬಗೆ

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ 1836-37ರಲ್ಲಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಕೃತಿಯಲ್ಲಿ, ನಿಂತಲ್ಲಿಯೇ ನಿದ್ರಿಸುವ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. 1956ರಲ್ಲಿ ಅಮೆರಿಕದ ವೈದ್ಯರು ಅತಿ ಬೊಜ್ಜು ಮತ್ತು ಅತಿ ತೂಕಡಿಕೆಯಿದ್ದ ರೋಗಿಯೊಬ್ಬನ ಸ್ಥಿತಿಯನ್ನು ವರ್ಣಿಸುವಾಗ ಈ ಕೃತಿಯ ಹೆಸರನ್ನೇ ಬಳಸಿದರು. ಆದರೆ ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಯಂತ್ರಗಳ ನೆರವಿನಿಂದ ದಾಖಲಿಸಿದ್ದು 1965ರಲ್ಲಿ. ಫ್ರಾನ್ಸಿನಲ್ಲಿ ಗಾಸ್ತೊ ಮತ್ತು ಅವರ ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ, ಪ್ರತ್ಯೇಕವಾಗಿ ಈ ಕಾರ್ಯವನ್ನು ಮಾಡಿದರು. ಆಗಿದ್ದ ಪರಿಣಾಮಕಾರಿ ಚಿಕಿತ್ಸೆಯೆಂದರೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ರೋಗಕ್ಕಿಂತ ಚಿಕಿತ್ಸೆಯೇ ಭಯಂಕರವೆನಿಸಿದ ಕಾಲವದು.

1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು ಐವರು ರೋಗಿಗಳ ವೃತ್ತಾಂತವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂಗಿನ ಮೂಲಕ ನಿರಂತರವಾಗಿ ಮೆಲ್ಲನೆಯ ಒತ್ತಡದ ಗಾಳಿಯನ್ನು ಹಾಯಿಸಿದರೆ ಗಂಟಲು ಮುಚ್ಚದೆ ಉಳಿಯುತ್ತದೆಂದು ಅವರು ತೋರಿಸಿಕೊಟ್ಟರು. ಈ ಸರಳ ಉಪಾಯವೇ ಇಂದಿಗೂ ಮುಖ್ಯ ಚಿಕಿತ್ಸೆಯಾಗಿರುವ 'ಸಿಪ್ಯಾಪ್'.

ನಮ್ಮ ನಡುವೆ ಎಷ್ಟು ಜನ?

ಇದು ಪಾಶ್ಚಾತ್ಯರ ರೋಗವೆಂದು ಬದಿಗೊತ್ತುವಂತಿಲ್ಲ. ಮುಂಬಯಿಯಲ್ಲಿ 35ರಿಂದ 65 ವಯಸ್ಸಿನ 658 ಪುರುಷರನ್ನು ಕುರಿತು ನಡೆದು, 2004ರಲ್ಲಿ ಪ್ರಕಟವಾದ ಅಧ್ಯಯನವು, ಹಗಲಿನ ತೂಕಡಿಕೆಯೂ ಕೂಡಿದ ಈ ರೋಗವು ಶೇಕಡ 7.5ರಷ್ಟು ಜನರಲ್ಲಿರಬಹುದೆಂದು ಅಂದಾಜು ಮಾಡಿತು. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ವಯಸ್ಕರಲ್ಲಿ ಶೇಕಡ 11ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆಯಿದೆ. ಬೊಜ್ಜು ಮುಖ್ಯ ಕಾರಣವಾದರೂ, ದವಡೆ ಚಿಕ್ಕದಾಗಿರುವುದು, ಕುತ್ತಿಗೆ ದಪ್ಪವಾಗಿರುವುದು, ವಯಸ್ಸು, ಮದ್ಯಪಾನ ಮುಂತಾದವೂ ಕಾರಣಗಳಾಗುತ್ತವೆ. ತೆಳ್ಳಗಿರುವವರೂ ಇದಕ್ಕೆ ಹೊರತಲ್ಲ. ಮಕ್ಕಳಲ್ಲಿ ಸಾಮಾನ್ಯವಾಗಿ ಟಾನ್ಸಿಲ್ ಮತ್ತು ಅಡಿನಾಯ್ಡ್‌ಗಳ ಊತವೇ ಮೂಲ.

ಪತ್ತೆ ಹಚ್ಚುವ ವಿಧಾನಗಳು

ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಕಿಲ್ಲ. 'ಸ್ಟಾಪ್-ಬ್ಯಾಂಗ್' ಎಂಬ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ. ಜೋರಾದ ಗೊರಕೆಯಿದೆಯೆ? ಹಗಲಿನಲ್ಲಿ ಆಯಾಸವಿದೆಯೆ? ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೆ? ರಕ್ತದ ಏರೊತ್ತಡವಿದೆಯೆ? ಇವು ಮೊದಲ ನಾಲ್ಕು. ತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ ಮತ್ತು ಪುರುಷರೇ ಎಂಬುದು ಉಳಿದ ನಾಲ್ಕು. ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ 'ಹೌದು' ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಲೇಸು.

ನಿರ್ಣಾಯಕವಾದ ಪರೀಕ್ಷೆಯ ಹೆಸರು 'ಪಾಲಿಸಾಮ್ನೋಗ್ರಫಿ'. ರೋಗಿಯು ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ಮಲಗಬೇಕು. ಮೆದುಳಿನ ವಿದ್ಯುತ್ ತರಂಗಗಳು, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ, ಹೃದಯದ ಲಯ, ಮೂಗಿನ ಗಾಳಿ, ಎದೆ-ಹೊಟ್ಟೆಗಳ ಏರಿಳಿತ ಮತ್ತು ರಕ್ತದ ಆಮ್ಲಜನಕ, ಇವೆಲ್ಲವೂ ಏಕಕಾಲದಲ್ಲಿ ದಾಖಲಾಗುತ್ತವೆ. ತಂತಿಗಳು ಅನೇಕವಿದ್ದರೂ ನೋವಿರುವುದಿಲ್ಲ.

ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತ ಅಥವಾ ಗಣನೀಯವಾಗಿ ಕುಗ್ಗಿದ ಪ್ರಸಂಗಗಳನ್ನು ಎಣಿಸಿ, ನಿದ್ರಿಸಿದ ಗಂಟೆಗಳಿಂದ ಭಾಗಿಸುತ್ತಾರೆ. ಆರು ಗಂಟೆಗಳಲ್ಲಿ 240 ಪ್ರಸಂಗಗಳಾದರೆ ಸೂಚ್ಯಂಕವು 40. ವಯಸ್ಕರಲ್ಲಿ ಈ ಅಂಕಿಯು 5ಕ್ಕಿಂತ ಕಡಿಮೆಯಿದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೀರಿದರೆ ತೀವ್ರ. ಅಂದರೆ ಸೂಚ್ಯಂಕವು 40 ಇರುವವರ ನಿದ್ರೆಗೆ ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ ಭಂಗ ಬರುತ್ತಿದೆ ಎಂದರ್ಥ.

ಇತ್ತೀಚಿನ ವರ್ಷಗಳಲ್ಲಿ ಮನೆಯಲ್ಲಿಯೇ ಮಲಗಿ ಮಾಡಿಸಿಕೊಳ್ಳಬಹುದಾದ ಸಣ್ಣ ಉಪಕರಣಗಳ ಪರೀಕ್ಷೆಯು ಬಳಕೆಗೆ ಬಂದಿದೆ. ಖರ್ಚು ಕಡಿಮೆ, ಅನುಕೂಲ ಹೆಚ್ಚು. ಆದರೆ ಇವುಗಳಲ್ಲಿ ಬಹುಪಾಲು ಮೆದುಳಿನ ತರಂಗಗಳನ್ನು ಅಳೆಯವು. ನಿಜವಾಗಿ ನಿದ್ರಿಸಿದ ಸಮಯವು ತಿಳಿಯದಿರುವುದರಿಂದ ರೋಗದ ತೀವ್ರತೆಯು ಕಡಿಮೆಯೆಂದು ತೋರಬಹುದು. ಲಕ್ಷಣಗಳು ಸ್ಪಷ್ಟವಾಗಿದ್ದು ಮನೆಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಪ್ರಯೋಗಾಲಯದ ಪರೀಕ್ಷೆ ಅವಶ್ಯ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಕೈಗಡಿಯಾರಗಳಲ್ಲಿಯೂ ಈ ರೋಗದ ಮುನ್ಸೂಚನೆ ನೀಡುವ ಸೌಲಭ್ಯಕ್ಕೆ ಅನುಮತಿ ನೀಡಿತು. ಇದು ಸೂಚನೆಯೇ ಹೊರತು ರೋಗನಿರ್ಣಯವಲ್ಲ.

ಚಿಕಿತ್ಸೆಯ ಮಾರ್ಗಗಳು

ತೂಕವನ್ನು ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು, ಮದ್ಯವನ್ನು ತ್ಯಜಿಸುವುದು ಪ್ರಥಮ ಹೆಜ್ಜೆಗಳು. ಅಮೆರಿಕದ ವಿಸ್ಕಾನ್ಸಿನ್‌ನ ದೀರ್ಘಕಾಲದ ಅಧ್ಯಯನವೊಂದರಲ್ಲಿ ಶೇಕಡ 10ರಷ್ಟು ತೂಕ ಇಳಿದವರಲ್ಲಿ ಉಸಿರು ನಿಲ್ಲುವ ಪ್ರಸಂಗಗಳು ಸುಮಾರು ಶೇಕಡ 26ರಷ್ಟು ತಗ್ಗಿದುದು ಕಂಡುಬಂದಿದೆ. ಆಯಾಸವನ್ನು ನಿದ್ರಾಹೀನತೆಯೆಂದು ಭಾವಿಸಿ, ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ನುಂಗುವುದು ಅಪಾಯಕರ. ಕೆಲವು ಮಾತ್ರೆಗಳು ಉಸಿರಾಟವನ್ನು ಮತ್ತಷ್ಟು ಕುಗ್ಗಿಸಬಲ್ಲವು.

ಮಧ್ಯಮ ಮತ್ತು ತೀವ್ರ ರೋಗಕ್ಕೆ ಸಿಪ್ಯಾಪ್ ಯಂತ್ರವೇ ಮುಖ್ಯ ಆಧಾರ. ಹಾಸಿಗೆಯ ಪಕ್ಕದ ಸಣ್ಣ ಯಂತ್ರದಿಂದ ಕೊಳವೆ ಮತ್ತು ಮುಖವಾಡದ ಮೂಲಕ ಗಾಳಿಯು ಬರುತ್ತದೆ. ಎಷ್ಟು ಒತ್ತಡ ಬೇಕೆಂಬುದನ್ನು ಹೊಸ ಯಂತ್ರಗಳು ತಾವೇ ಹೊಂದಿಸಿಕೊಳ್ಳುತ್ತವೆ. ಎಷ್ಟು ಗಂಟೆ ಬಳಸಲಾಯಿತೆಂಬುದನ್ನೂ ದಾಖಲಿಸಿಡುತ್ತವೆ. ತೊಂದರೆಯಿರುವುದು ಬಳಕೆಯಲ್ಲಿ. ಮುಖವಾಡವು ಕಿರಿಕಿರಿಯೆಂದು ಅನೇಕರು ಅದನ್ನು ಕಪಾಟಿಗೆ ಸೇರಿಸುತ್ತಾರೆ. 2016ರಲ್ಲಿ ಪ್ರಕಟವಾದ, ಹೃದಯ ಮತ್ತು ರಕ್ತನಾಳಗಳ ರೋಗವಿದ್ದ 2,717 ಜನರ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತಾದಿಗಳು ಕಡಿಮೆಯಾಗಲಿಲ್ಲ. ಆದರೆ ಅವರು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅಷ್ಟರಲ್ಲಿಯೂ ಗೊರಕೆ ಮತ್ತು ತೂಕಡಿಕೆ ಇಳಿದು ಜೀವನದ ಗುಣಮಟ್ಟವು ಸುಧಾರಿಸಿತು. ಮುಖವಾಡದ ಅಳತೆಯನ್ನು ಸರಿಪಡಿಸಿಕೊಂಡು, ಮೊದಲ ಕೆಲವು ವಾರಗಳನ್ನು ತಾಳ್ಮೆಯಿಂದ ಕಳೆದವರು ಈ ಲಾಭವನ್ನು ಉಳಿಸಿಕೊಳ್ಳಬಲ್ಲರು.

ಯಂತ್ರವು ಒಗ್ಗದವರಿಗೆ ಬೇರೆ ದಾರಿಗಳಿವೆ. ಕೆಳದವಡೆಯನ್ನು ತುಸು ಮುಂದಕ್ಕೆ ತಂದು ನಿಲ್ಲಿಸುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯು ಸಹಾಯಕ. ನಾಲಿಗೆಯ ನರವನ್ನು ಪ್ರಚೋದಿಸುವ, ದೇಹದೊಳಗೆ ಅಳವಡಿಸುವ ಸಾಧನಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2024ರ ಡಿಸೆಂಬರಿನಲ್ಲಿ 'ಟಿರ್ಜೆಪಟೈಡ್' ಎಂಬ ತೂಕ ಇಳಿಸುವ ಚುಚ್ಚುಮದ್ದಿಗೆ, ಬೊಜ್ಜಿನೊಡನೆ ಮಧ್ಯಮ ಅಥವಾ ತೀವ್ರ ರೋಗವಿರುವ ವಯಸ್ಕರಿಗಾಗಿ ಅಲ್ಲಿಯೇ ಒಪ್ಪಿಗೆ ನೀಡಲಾಯಿತು. ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ತಜ್ಞ ವೈದ್ಯರ ಸಲಹೆಯಿಲ್ಲದೆ ಅದನ್ನು ಬಳಸತಕ್ಕದ್ದಲ್ಲ.

ಸಾಕ್ಷಿಯಿಲ್ಲದವರು

ಕೊನೆಗೆ ಒಂದು ಮುಖ್ಯ ವಿಷಯ. ಡೊಂಬಿವಲಿಯ ಆ ಗೃಹಸ್ಥರಿಗೆ ಅವರ ಪತ್ನಿಯೇ ಸಾಕ್ಷಿ. ಆದರೆ ಆಕೆಯ ನಿದ್ರೆಗೆ ಸಾಕ್ಷಿ ಯಾರು? ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿಯೂ ಈ ರೋಗದ ಸಂಭವವು ಹೆಚ್ಚುತ್ತದೆ. ಅವರಲ್ಲಿ ಜೋರಾದ ಗೊರಕೆಯ ಬದಲು ಆಯಾಸ, ಬೆಳಗಿನ ತಲೆನೋವು, ಮತ್ತೆ ಮತ್ತೆ ಎಚ್ಚರವಾಗುವುದು, ಮನಸ್ಸಿನ ಬೇಸರ ಮುಂತಾದ ಲಕ್ಷಣಗಳೇ ಎದ್ದುಕಾಣಬಹುದು. 'ಮನೆಗೆಲಸದ ದಣಿವು' ಎಂದು ಮನೆಯವರೂ, ಕೆಲವೊಮ್ಮೆ ಆಕೆಯೂ, ಅದನ್ನು ತಳ್ಳಿಹಾಕುತ್ತಾರೆ. ಗೊರಕೆಯ ಮಾತೆತ್ತಲು ನಾಚಿಕೆಯೂ ಅಡ್ಡ ಬರುತ್ತದೆ.

ಆದುದರಿಂದ ರಾತ್ರಿಯ ಗೊರಕೆಯನ್ನು ಕೇಳಿ ನಗುವ ಮುನ್ನ ಒಂದು ಕ್ಷಣ ಅದರ ನಡುವಿನ ಮೌನವನ್ನು ಗಮನಿಸುವುದು ಒಳಿತು. ಆ ಮೌನವು ಹತ್ತು ಸೆಕೆಂಡನ್ನು ಮೀರಿ, ಮತ್ತೆ ಮತ್ತೆ ಬರುತ್ತಿದ್ದರೆ, ಮರುದಿನವೇ ಅದನ್ನು ಮಲಗಿದ್ದವರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತನ್ನ ನಿದ್ರೆಯನ್ನು ತಾನೇ ಕಾಣಲಾರದ ಮನುಷ್ಯನಿಗೆ, ಪಕ್ಕದಲ್ಲಿರುವವರ ಎಚ್ಚರವೇ ಮೊದಲ ಔಷಧ.