ರೈತನ ಕಿಸೆಯಲ್ಲಿ ಒಂದು ಒಳ್ಳೆಯ ಮಡಚುವ ಚಾಕು



ಕುಡುಗೋಲು, ಕುರ್ಚಿಗೆ, ಕೊಡಲಿಗಳನ್ನು ಕೊಳ್ಳುವಾಗ ನೀವು ನಾಲ್ಕು ಸಲ ತಟ್ಟಿ ನೋಡಿ, ಕಮ್ಮಾರನೊಡನೆ ಚರ್ಚೆ ಮಾಡಿ ಕೊಳ್ಳುತ್ತೀರಿ. ಆದರೆ ಕಿಸೆಯಲ್ಲಿ ಇಟ್ಟುಕೊಳ್ಳುವ ಮಡಚುವ ಚಾಕುವಿನ ವಿಷಯ ಬಂದರೆ ಜಾತ್ರೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೊಂಡು, ಹಿಡಿ ಸಡಿಲವಾದ ಮೇಲೆ ಬಿಸಾಡುವವರೇ ಹೆಚ್ಚು. ಇದು ಸರಿಯಲ್ಲ. ಬೆಳೆಯ ಒಳಗೇನಿದೆ ಎಂದು ನಿಂತ ನಿಲುವಿನಲ್ಲೇ ತೋರಿಸಬಲ್ಲ ಸಲಕರಣೆ ಇದೊಂದೇ.

ಹಿಂಗಾರಿ ಜೋಳ ಕಾಳು ಕಟ್ಟುವ ಹೊತ್ತಿಗೆ ನೆಲಕ್ಕೆ ಒರಗಿದರೆ ತಪ್ಪನ್ನು ಗಾಳಿಯ ಮೇಲೆ ಹೊರಿಸುವುದು ವಾಡಿಕೆ. ಅಂಥ ದಂಟನ್ನು ಬುಡದ ಗೆಣ್ಣಿನ ಬಳಿ ಉದ್ದಕ್ಕೆ ಸೀಳಿ ನೋಡಿರಿ. ತಿರುಳು ಕರಗಿ ಬರೀ ನಾರು ಉಳಿದಿದ್ದು, ನಾರಿನ ಮೇಲೆ ಇದ್ದಿಲು ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಇದ್ದಿಲು ಕೊಳೆ ರೋಗ. ಭೂಮಿಯಲ್ಲಿ ತೇವ ಕಡಿಮೆಯಾಗಿ, ಬಿಸಿಲು ಏರಿದಾಗ ಬರುವ ರೋಗವಿದು. ಗಾಳಿ ನೆಪ ಮಾತ್ರ. ಶೇಂಗಾ, ಸೋಯಾ ಅವರೆಗಳು ಹೂ ಬಿಡುವ ಸಮಯದಲ್ಲಿ ಒಂದು ಗಿಡವನ್ನು ಮಣ್ಣುಸಹಿತ ಕಿತ್ತು ಬೇರಿನ ಗಂಟುಗಳನ್ನು ಕತ್ತರಿಸಿರಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಂಟು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲ. ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸುವ ಯೋಚನೆ ಮಾಡಬೇಕು. ಟೊಮ್ಯಾಟೊ ಗಿಡ ಹಸಿರಾಗಿರುವಾಗಲೇ ಬಾಡಿದರೆ, ಕಾಂಡವನ್ನು ಬುಡದಲ್ಲಿ ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದು ಬಂದರೆ ಅದು ದುಂಡಾಣು ಸೊರಗು ರೋಗ. ಶಿಲೀಂಧ್ರನಾಶಕಕ್ಕೆ ಹಣ ಸುರಿಯುವುದು ಆಗ ವ್ಯರ್ಥ.

ಮೊಂಡು ಚಾಕುವಿನಿಂದ ಇದೊಂದೂ ಕಾಣುವುದಿಲ್ಲ. ಅದು ಕಾಂಡವನ್ನು ಕತ್ತರಿಸದೆ ಜಜ್ಜುತ್ತದೆ. ಕಸಿ ಕಟ್ಟುವವರಿಗಂತೂ ನಷ್ಟ ಇನ್ನೂ ನೇರ. ಮಾವಿನ ಕಸಿಕಡ್ಡಿಗೆ ಕೊಡುವ 4-5 ಸೆಂ.ಮೀ. ಉದ್ದದ ಓರೆ ಕೊಯ್ತ ಒಂದೇ ಎಳೆತದಲ್ಲಿ ಕನ್ನಡಿಯಂತೆ ಬರಬೇಕು. ತೊಗಟೆಗೂ ಕಟ್ಟಿಗೆಗೂ ನಡುವಿನ ಬೆಳೆಯುವ ಪದರ ಬಹಳ ತೆಳುವಾದದ್ದು. ಎರಡು ಕೊಯ್ತಗಳ ನಡುವೆ ಸಂದು ಉಳಿದರೆ ಕಸಿ ಕೂಡದೆ ಒಣಗುತ್ತದೆ. ಒಂದು ವರ್ಷದ ಶ್ರಮ ಹೋಯಿತು.

ಹಾಗಾದರೆ ಒಳ್ಳೆಯ ಚಾಕು ಯಾವುದು? ನನ್ನ ಬಳಿ ಏಳೆಂಟು ಇವೆ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ, ಅಲ್ಲವೆಂದು ವಾದಿಸಲಾರೆ. ಆದರೆ ಹಲವನ್ನು ಹಿಡಿದು ಬಳಸಿದಾಗಲೇ ಒಳ್ಳೆಯದರ ಲಕ್ಷಣ ತಿಳಿಯುತ್ತದೆ. ನನ್ನ ಮೆಚ್ಚಿನದು ಫ್ರಾನ್ಸಿನ ಸವಾಯ್ ಪ್ರಾಂತದ ಒಪಿನೆಲ್. ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಬೆಟ್ಟದ ರೈತರಿಗಾಗಿ ಮಾಡಿದ ಚಾಕು ಇದು. ಮರದ ಹಿಡಿ, ಒಂದು ಅಲಗು, ಅಷ್ಟೇ. 1955ರಲ್ಲಿ ಅಲಗಿನ ಬುಡಕ್ಕೆ ತಿರುಗುವ ಉಕ್ಕಿನ ಬಳೆ ಸೇರಿಸಿದರು. ಬಳೆ ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬರಲೊಲ್ಲದು. ಆಗ ಹಿಡಿಯ ಹಿಂಬದಿಯನ್ನು ಗಟ್ಟಿ ವಸ್ತುವಿನ ಮೇಲೆ ಕುಟ್ಟಿದರೆ ಅಲಗು ತಲೆ ಎತ್ತುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೇನೆಗೆ ಒದಗಿಸಲಾರಂಭಿಸಿದ ಚಾಕುವಿನ ವಂಶವೇ ಇಂದಿನ ವಿಕ್ಟೋರಿನಾಕ್ಸ್. ನಮ್ಮ ದೇಶದ ಹೆಸರಾಂತ ಮಡಚುವ ಚಾಕು ಉತ್ತರ ಪ್ರದೇಶದ ರಾಂಪುರದ್ದು. ಸಂಗ್ರಹಕಾರರಿಗೆ ಅದರ ಕೆಲಸಗಾರಿಕೆ ಪ್ರಿಯವಾಗಿರಬಹುದು. ಹೊಲಕ್ಕೆ ಅದು ಬೇಡ.

ಹೆಸರು ಯಾವುದೇ ಇರಲಿ, ಪರೀಕ್ಷೆ ಒಂದೇ. ಅಲಗನ್ನು ಬಿಚ್ಚಿ ಎಡಬಲಕ್ಕೆ ಅಲುಗಿಸಿರಿ, ಕದಲಬಾರದು. ಬೆನ್ನಿನ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಅಲಗನ್ನು ಹಿಡಿದಿರುವ ಚಾಕುವಾದರೆ ಬಿಚ್ಚುವಾಗಲೂ ಮಡಚುವಾಗಲೂ 'ಟಕ್' ಎಂದು ಕೂರಬೇಕು. ಮಡಚಿದಾಗ ಅಲಗಿನ ತುದಿ ಹಿಡಿಯೊಳಗೆ ಪೂರ್ತಿ ಅಡಗಬೇಕು, ಇಲ್ಲವಾದರೆ ಮೊದಲು ಹರಿಯುವುದು ನಿಮ್ಮ ಅಂಗಿಯ ಕಿಸೆ. 7-8 ಸೆಂ.ಮೀ. ಅಲಗು ಸಾಕು. ಬರೀ ಸ್ಪ್ರಿಂಗ್ ಇರುವ, ಬೀಗವಿಲ್ಲದ ಚಾಕುವಿನ ತುದಿಯಿಂದ ಚುಚ್ಚುವ ಕೆಲಸ ಮಾಡಬೇಡಿರಿ. ಕಸಿಗೇ ಮೀಸಲಾದ ಚಾಕುವಿಗೆ ಬಾಯಿಯನ್ನು ಒಂದೇ ಬದಿಯಿಂದ ಮಸೆದಿರುತ್ತಾರೆ. ಎಡಗೈಯವರಿಗೆ ಬೇರೆಯದೇ ಬೇಕು, ಕೊಳ್ಳುವಾಗ ಕೇಳಿರಿ. ಸಾದಾ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಿಂಬೆಯ ರಸ ತಾಕಿದರೆ ಕಪ್ಪಾಗುತ್ತದೆ. ಕಪ್ಪಾಗುವುದು ದೋಷವಲ್ಲ, ಕೆಂಪು ತುಕ್ಕು ದೋಷ. ತುಕ್ಕು ಹಿಡಿಯದ ಉಕ್ಕಿನದನ್ನು ಹರಿತ ಮಾಡಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಕರಾವಳಿ, ಮಲೆನಾಡಿನವರಿಗೆ ಇದೇ ಲೇಸು.

ಮಸೆಯಲು ಒರಟು-ನುಣುಪು ಎರಡೂ ಮುಖವಿರುವ ಸಾಣೆಕಲ್ಲು ಇಟ್ಟುಕೊಳ್ಳಿರಿ. ಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿದು, ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ತರಿ ಸಿಗುವವರೆಗೆ ಮಸೆಯಿರಿ. ಆಮೇಲೆ ಬದಿ ಬದಲಿಸಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಕ್ಷೌರಿಕರು ಕತ್ತಿಯನ್ನು ಎಳೆಯುವಂತೆ, ಬೆನ್ನು ಮುಂದಾಗಿ ಹತ್ತಾರು ಸಲ ಎಳೆಯಿರಿ. ವಿದ್ಯುತ್ ಚಕ್ರಕ್ಕೆ ಕೊಡಬೇಡಿರಿ. ಬಿಸಿಗೆ ಉಕ್ಕು ನೀಲಿಗಟ್ಟಿದರೆ ಅದರ ಹದ ಹೋಯಿತು.

ಕಾನೂನಿನ ಭಯವೂ ಕೆಲವರಿಗೆ ಉಂಟು. 1959ರ ಆಯುಧ ಕಾಯಿದೆಯಡಿ ಮಾಡಿದ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದವನ್ನು ಅದರಿಂದಲೂ ಬಿಟ್ಟಿವೆ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಸಂತೆ, ಜಾತ್ರೆ, ಸಭೆಗಳಿಗೆ ಹೋಗುವಾಗ ಮನೆಯಲ್ಲೇ ಇಡುವುದು ಒಳ್ಳೆಯದು.

ಇನ್ನು, ಬಹಳ ಜನ ಗಮನಿಸದ ಮಾತು. ರೋಗ ತೋರಿಸುವ ಚಾಕುವೇ ರೋಗ ಹಂಚುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿಯನ್ನೇ ನೋಡಿರಿ. ನಮ್ಮ ದೇಶದಲ್ಲಿ ಇದನ್ನು ಮೊದಲು 1952ರಲ್ಲಿ ದೆಹಲಿಯಲ್ಲಿ ಗುರುತಿಸಲಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳಲ್ಲಿ ಎಷ್ಟೋ ಜನ ಗಿಡಗಳನ್ನೇ ಕಿತ್ತುಹಾಕಬೇಕಾಯಿತು. ಮಳೆಹನಿ, ರೋಗವಿರುವ ಸಸಿಗಳ ಜೊತೆಗೆ ಸವರುವ ಕತ್ತರಿ, ಗೂಟಿ ಕಟ್ಟಲು ತೊಗಟೆ ಬಿಡಿಸುವ ಚಾಕು ಇವೂ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ನಿಂಬೆ ಜಾತಿಯಲ್ಲಿ ಎಕ್ಸೋಕಾರ್ಟಿಸ್ ಎಂಬ ವೈರಾಯ್ಡ್ ರೋಗವಿದೆ. ಕೆಲವು ಬೇರುಸಸಿಗಳ ಮೇಲೆ ಇದು ತೊಗಟೆ ಸುಲಿಸಿ ಮರವನ್ನು ಗಿಡ್ಡಾಗಿಸುತ್ತದೆ. ಇನ್ನು ಕೆಲವುಗಳ ಮೇಲೆ ಹೊರಗೇನೂ ತೋರದು. ಅಂಥ ಚೆನ್ನಾಗಿ ಕಾಣುವ ತಾಯಿಮರದಿಂದ ಕಣ್ಣು ತೆಗೆದ ಚಾಕು ಮುಂದಿನ ಸಸಿಗೆ ರೋಗವನ್ನು ಕೊಟ್ಟುಬಿಡುತ್ತದೆ. ಅಲಗನ್ನು ಬೆಂಕಿಗೆ ಹಿಡಿದರೂ, ಸ್ಪಿರಿಟ್‌ನಲ್ಲಿ ಒರೆಸಿದರೂ ಇದು ಸಾಯುವುದಿಲ್ಲ. ಕ್ಲೋರಿನ್ ದ್ರಾವಣಕ್ಕೆ ಬಗ್ಗುತ್ತದೆ.

1 ಲೀಟರ್ ನೀರಿಗೆ 30 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ತಳ ಕಟ್ಟಿದ ಮೇಲೆ ತಿಳಿಯನ್ನು ಬಸಿದುಕೊಂಡರೆ ಸುಮಾರು ಶೇಕಡಾ 1ರ ಕ್ಲೋರಿನ್ ದ್ರಾವಣವಾಗುತ್ತದೆ. ಲೋಹದ ಡಬ್ಬಿ ಬೇಡ, ಪ್ಲಾಸ್ಟಿಕ್ ಡಬ್ಬಿ ಇರಲಿ. ಪ್ರತಿ ಗಿಡದ ನಂತರ ಅಲಗನ್ನು ಬಟ್ಟೆಯಿಂದ ಒರೆಸಿ ಇದರಲ್ಲಿ ಅದ್ದಿರಿ. ಅಂಟು, ಮಣ್ಣು ಇದ್ದರೆ ಔಷಧ ಒಳಗಿಳಿಯದು. ಬಿಸಿಲಿಗೆ ಇದರ ಸತ್ವ ಇಳಿಯುವುದರಿಂದ ದಿನವೂ ಹೊಸದಾಗಿ ಮಾಡಿಕೊಳ್ಳಿರಿ. ಕ್ಲೋರಿನ್ ಉಕ್ಕನ್ನು ತಿನ್ನುತ್ತದೆ. ಆದುದರಿಂದ ಸಂಜೆ ತಿಳಿನೀರಿನಲ್ಲಿ ತೊಳೆದು, ಒಣಗಿಸಿ, ಅಲಗಿಗೂ ಕೀಲಿಗೂ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿರಿ.

ಕೈಗೆ ನಿಲುಕಿದರೆ ಎರಡು ಚಾಕು ಇಟ್ಟುಕೊಳ್ಳಿರಿ. ಒಂದು ಕಸಿಗೆ ಮಾತ್ರ. ಇನ್ನೊಂದು ರೋಗ ಹಿಡಿದ ದಂಟು, ಬೇರುಗಳನ್ನು ಸೀಳಲು. ಆಳುಗಳೂ ಮರೆಯದಂತೆ ಇದರ ಹಿಡಿಗೆ ಕೆಂಪು ದಾರ ಸುತ್ತಿರಿ.